ಗಾದಿ ಬಿಚ್ಚಿದ ಮಾರ್ಚ್

"ಇವನ ದಿಂಬು ಎಷ್ಟು ವರ್ಷದ್ದು?" ಅಂತ ಡಾಕ್ಟರ್ ಕೇಳಿದಾಗ ನಾನೂ ನನ್ನ ಗಂಡನೂ ಮುಖ ಮುಖ ನೋಡಿಕೊಂಡೆವು. ಮಗನಿಗೆ ಒಂಬತ್ತು ವರ್ಷ. ದಿಂಬು ಅವನಿಗಿಂತ ದೊಡ್ಡದು.

ಬೆಳಗ್ಗೆ ಎದ್ದ ಕೂಡಲೇ ಅವನಿಗೆ ಸೀನು ಶುರುವಾಗುತ್ತಿತ್ತು. ಹಲ್ಲುಜ್ಜಿ ಮುಗಿಸುವಷ್ಟರಲ್ಲಿ ಹತ್ತು ಹನ್ನೆರಡು ಸೀನು. ಶಾಲೆಗೆ ಹೋದ ಮೇಲೆ ಏನೂ ಇಲ್ಲ. ನಾವು ಬೆಂಗಳೂರಿನ ಗಾಳಿಯನ್ನು ಬೈದಿದ್ದೆವು, ಕಿಟಕಿ ಮೇಲಿನ ಪಾರಿವಾಳಗಳನ್ನು ಬೈದಿದ್ದೆವು, ನಮ್ಮ ರಸ್ತೆಯನ್ನು ಮೂರನೇ ಸಲ ಅಗೆದವರನ್ನೂ ಬೈದಿದ್ದೆವು. ಹಾಸಿಗೆಯ ಮೇಲೆ ಮಾತ್ರ ಅನುಮಾನ ಬಂದಿರಲಿಲ್ಲ.

ಡಾಕ್ಟರ್ ಹೇಳಿದ್ದು ಧೂಳುನುಸಿಯ ಬಗ್ಗೆ. ನಮ್ಮ ತುಮಕೂರು ಕಡೆ ನುಸಿ ಅಂದರೆ ತೆಂಗಿನಕಾಯಿಗೆ ಬರುವುದು. ಅಪ್ಪನ ತೋಟದ ಕಾಯಿಗಳ ಮೈಯೆಲ್ಲ ಸುಟ್ಟ ಹಾಗೆ ಬಿರುಕು ಬಿಟ್ಟಿದ್ದು ನನಗೆ ಇವತ್ತಿಗೂ ನೆನಪಿದೆ. ಅದರ ದೂರದ ನೆಂಟರು ನಮ್ಮ ದಿಂಬಿನಲ್ಲೂ ಇರುತ್ತಾರೆ ಅಂತ ಗೊತ್ತಿರಲಿಲ್ಲ. ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟೂ ಉದ್ದ ಇಲ್ಲ, ಎಂಟು ಕಾಲು. ಕಚ್ಚುವುದಿಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅದಕ್ಕೆ ಊಟ. ತೊಂದರೆ ಮಾಡುವುದು ಹುಳಕ್ಕಿಂತ ಜಾಸ್ತಿ ಅದರ ಹಿಕ್ಕೆ. ಹೊದಿಕೆ ಕೊಡವಿದಾಗ ಅದು ಪುಡಿಯಾಗಿ ಏಳುತ್ತದೆ, ಮೂಗಿಗೆ ಹೋಗುತ್ತದೆ. ಇಷ್ಟು ಕೇಳಿದ ಮೇಲೆ ಆ ರಾತ್ರಿ ನಿದ್ದೆ ಬರಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ?

ಇದು 2025ರ ಮಾರ್ಚ್ ಮೊದಲ ವಾರ. ಯುಗಾದಿ 30ಕ್ಕೆ, ಭಾನುವಾರ. ಹಬ್ಬಕ್ಕೆ ಹೇಗೂ ಮನೆ ತೊಳೆಯಬೇಕು. ಈ ಸಲ ಜೇಡರಬಲೆ ಹೊಡೆದು, ನೆಲ ಒರೆಸಿ ಕೈ ತೊಳೆದುಕೊಳ್ಳುವುದು ಬೇಡ, ಹಾಸಿಗೆ, ದಿಂಬು, ಸೋಫಾ ಎಲ್ಲ ಮಾಡೋಣ ಅಂದುಕೊಂಡೆ. ಹಾವೇರಿ ಕಡೆಯ ಹಳ್ಳಿಯಿಂದ ಅತ್ತೆ ಬಂದಿದ್ದರು. ನನ್ನ ಯೋಜನೆ ಕೇಳಿ ಅವರು ಒಂದೇ ಮಾತು ಕೇಳಿದರು. "ಗಾದಿ ಕಡೀಕ ಯಾವಾಗ ಹಿಂಜಿಸಿದ್ದಿ, ಯವ್ವಾ?"

ಹಿಂಜಿಸಿರಲೇ ಇಲ್ಲ. ಅದು ನಮ್ಮ ಮದುವೆಗೆ ಅತ್ತೆ ಮನೆಯವರೇ ಮಾಡಿಸಿ ಕೊಟ್ಟ ಗಾದಿ. ಅವರ ಹೊಲದ ಹತ್ತಿ, ರಾಣೆಬೆನ್ನೂರಿನಲ್ಲಿ ಹೊಲಿಸಿದ್ದು. ಕೆಂಪು ಬಿಳಿ ಪಟ್ಟೆಯ ದಪ್ಪ ಬಟ್ಟೆ. ಮೊದಲು ಮೊಣಕಾಲು ಹುಗಿಯುವಷ್ಟು ಮೆತ್ತಗಿತ್ತು. ಹದಿಮೂರು ವರ್ಷದಲ್ಲಿ ಚಪ್ಪಟೆಯಾಗಿ, ಒಳಗೆ ಗಂಟು ಗಂಟಾಗಿ, ಮಲಗಿದರೆ ಜಲ್ಲಿ ಕಲ್ಲಿನ ಮೇಲೆ ಮಲಗಿದ ಹಾಗಿತ್ತು. ಅದಕ್ಕೇ ಅದನ್ನು ಮಗನ ಕೋಣೆಗೆ ತಳ್ಳಿ ನಾವು ಫೋಮ್ ಹಾಸಿಗೆ ತಂದುಕೊಂಡಿದ್ದೆವು. ಬರೆಯುವಾಗ ಈಗ ನಾಚಿಕೆಯಾಗುತ್ತಿದೆ.

ಮಾರ್ಚ್ 15ರ ಶನಿವಾರ ಗಾದಿಯನ್ನು ಸುರುಳಿ ಸುತ್ತಿ, ಸೀರೆಯ ಅಂಚಿನಿಂದ ಕಟ್ಟಿ, ಆಟೋದಲ್ಲಿ ಹಾಕಿಕೊಂಡು ಎರಡು ರಸ್ತೆ ಆಚೆಯ ಹಾಸಿಗೆ ಅಂಗಡಿಗೆ ಹೋದೆವು. ನಾನು ಚಿಕ್ಕವಳಿದ್ದಾಗ ಹಿಂಜುವವರೇ ಮನೆ ಬಾಗಿಲಿಗೆ ಬರುತ್ತಿದ್ದರು. ಹೆಗಲ ಮೇಲೆ ಆಳೆತ್ತರದ ಬಿಲ್ಲು. ಬಿಲ್ಲಿಗೆ ಕರುಳಿನ ಹುರಿ. ಅದನ್ನು ಹತ್ತಿಯ ರಾಶಿಗೆ ತಾಗಿಸಿ ಮರದ ಕೊಡತಿಯಿಂದ ಮೀಟಿದರೆ ಟೊಂಯ್ ಟೊಂಯ್ ಅಂತ ಸದ್ದು. ಒಂದೊಂದು ಸದ್ದಿಗೂ ಒಂದು ಹಿಡಿ ಅರಳೆ ಗಾಳಿಗೆ ಹಾರಿ ಹಗುರವಾಗಿ ಬೀಳುತ್ತಿತ್ತು. ನಾವು ಮಕ್ಕಳು ಶಾಲೆಗೆ ಚಕ್ಕರ್ ಹೊಡೆದು ಅದನ್ನು ನೋಡುತ್ತಾ ಕೂರುತ್ತಿದ್ದೆವು. ಪಿಂಜಾರರು, ನದಾಫರು ಅಂತ ಅವರ ಕುಲಕ್ಕೇ ಈ ಕೆಲಸದ ಹೆಸರು. ಈ ಅಂಗಡಿಯವರೂ ನದಾಫರೇ, ದಾವಣಗೆರೆ ಕಡೆಯವರು. ಅವರ ಅಜ್ಜನ ಬಿಲ್ಲು ಈಗಲೂ ಅಂಗಡಿಯ ಅಟ್ಟದ ಮೇಲಿದೆಯಂತೆ. ಕೆಳಗೆ ಕೆಲಸ ಮಾಡುವುದು ಮೋಟಾರು ಹಾಕಿದ ಮಷಿನ್.

ಗಾದಿಯ ಒಂದು ಬದಿಯ ಹೊಲಿಗೆ ಬಿಚ್ಚಿ ಅವರು ಒಳಗಿನದನ್ನು ಹೊರಗೆ ಎಳೆದರು. ಬೆಳ್ಳಗಿರಬೇಕಾದ ಅರಳೆ ಬೂದಿ ಬಣ್ಣಕ್ಕೆ ತಿರುಗಿತ್ತು. ಕೆಲವು ಕಡೆ ಕಂದು. ಮಗ ಹಾಸಿಗೆ ಒದ್ದೆ ಮಾಡುತ್ತಿದ್ದ ಕಾಲದ ನಕ್ಷೆಗಳೆಲ್ಲ ಅಲ್ಲಿದ್ದವು. ಮುಷ್ಟಿ ಗಾತ್ರದ ಗಂಟುಗಳನ್ನು ಅವರು ಕೈಯಲ್ಲೇ ಹರಿದು, ಹಲ್ಲಿನ ಉರುಳೆಗೆ ತಿನ್ನಿಸಿದರು. ಈ ಕಡೆ ಗಂಟು ಹೋದರೆ ಆ ಕಡೆ ಮೋಡ ಬರುತ್ತದೆ. ಮಷಿನ್ ಕೆಳಗೆ ಧೂಳು ಬೀಳುತ್ತದೆ. ಆ ಧೂಳು ನೋಡಬೇಕಿತ್ತು ನೀವು. ಹಿಟ್ಟಿನ ಗಿರಣಿ ನೆನಪಾಯಿತು. 14 ಕೆಜಿ ತೂಗಿದ ಗಾದಿಯಲ್ಲಿ ಕೊನೆಗೆ ಉಳಿದ ಅರಳೆ 12 ಕೆಜಿ ಚಿಲ್ಲರೆ. ಉಳಿದದ್ದು ಮಗ ಇಷ್ಟು ದಿನ ಉಸಿರಾಡಿದ್ದು. ಎರಡು ಕೆಜಿ ಹೊಸ ಅರಳೆ ಸೇರಿಸಿ, ಹೊಸ ಬಟ್ಟೆಯ ಚೀಲಕ್ಕೆ ತುಂಬಿ, ಕೋಲಿನಿಂದ ಬಡಿದು ಸಮ ಮಾಡಿ, ದಬ್ಬಣದಿಂದ ಅಲ್ಲಲ್ಲಿ ಟಾಕಾ ಹಾಕಿ ಬುಧವಾರ ಕಳಿಸಿದರು. ಹಳೆಯ ಅರಳೆಯ ಬಗ್ಗೆ ನನಗಿದ್ದ ಅಸಹ್ಯ ಕಂಡು ಅವರು ಹೇಳಿದ್ದು ಇಷ್ಟು. "ಹತ್ತಿ ಕೆಡಲ್ಲ ಮೇಡಂ, ಸುಮ್ನೆ ದಣಿಯುತ್ತೆ."

ದಿಂಬುಗಳ ಕಥೆ ಬೇರೆ. ಮಗನದು ಬೂರುಗದ ಹತ್ತಿಯದು. ಬೂರುಗದ ಎಳೆ ನುಣುಪು, ಹಿಂಜಿದರೆ ಪುಡಿಯಾಗುತ್ತದೆ, ಮತ್ತೆ ಎದ್ದು ನಿಲ್ಲುವುದಿಲ್ಲ. ಅದನ್ನು ಎಸೆದೆವು.

ಮನೆಯಲ್ಲಿ ಬಟ್ಟೆಯ ಕೆಲಸ ನನ್ನದು. 60 ಡಿಗ್ರಿ ಬಿಸಿನೀರಿನಲ್ಲಿ ಒಗೆದರೆ ನುಸಿ ಸಾಯುತ್ತದೆ ಅಂತ ಡಾಕ್ಟರ್ ಹೇಳಿದ್ದರು. ನಮ್ಮ ವಾಷಿಂಗ್ ಮಷಿನ್‌ನಲ್ಲಿ ಆ ಬಟನ್ ಇದೆ ಅಂತ ಆವತ್ತೇ ಗೊತ್ತಾಗಿದ್ದು. ಹಾಸುಬಟ್ಟೆ, ದಿಂಬಿನ ಗವಸು ಎಲ್ಲ ಹೋದವು. ಮಗನ ಕರಡಿ ಗೊಂಬೆಗೆ ಬಿಸಿನೀರು ಆಗದು, ಅದರ ಮೂಗು ಅಂಟು ಹಾಕಿದ್ದು. ಅದಕ್ಕೆ ಇನ್ನೊಂದು ದಾರಿ ಇದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದೆರಡು ದಿನ ಫ್ರೀಜರಿನಲ್ಲಿಟ್ಟರೂ ನುಸಿ ಸಾಯುತ್ತದೆ. ಆಮೇಲೆ ತಣ್ಣೀರಿನಲ್ಲಿ ಒಗೆದು ಕಸ ತೆಗೆದರಾಯಿತು. ಇದನ್ನು ಅತ್ತೆಗೆ ಹೇಳಲು ಮರೆತಿದ್ದೆ. ಬೆಳಗ್ಗೆ ತೆಂಗಿನ ತುರಿ ತೆಗೆಯಲು ಫ್ರೀಜರ್ ತೆರೆದವರು "ಅಯ್ಯಯ್ಯವ್ವಾ" ಅಂತ ಕೂಗಿದ್ದಕ್ಕೆ ಪಕ್ಕದ ಮನೆಯವರೂ ಓಡಿ ಬಂದರು. ಬಟಾಣಿ ಪೊಟ್ಟಣದ ಹಿಂದೆ ಕರಡಿ ಎರಡು ಕಣ್ಣು ಬಿಟ್ಟುಕೊಂಡು ಕೂತಿತ್ತು.

ಕೌದಿ ಮಾತ್ರ ಮಷಿನ್‌ಗೆ ಬಗ್ಗಲಿಲ್ಲ. ಅತ್ತೆ ಹೊಲಿದ ಕೌದಿಗಳವು, ಹಳೇ ಸೀರೆಗಳನ್ನು ಪದರ ಪದರ ಇಟ್ಟು ಹಾಕಿದ ಹೊಲಿಗೆ. ಒಣಗಿದ್ದಾಗಲೇ ಭಾರ, ಒದ್ದೆಯಾದರೆ ಎತ್ತಲಾರದಷ್ಟು ಭಾರ. ಒಂದನ್ನು ತುರುಕಿ ಸ್ವಿಚ್ ಹಾಕಿದೆ. ಮಷಿನ್ ಮೂರು ಸುತ್ತು ತಿರುಗಿ, ನಡುಗಿ, ಬಚ್ಚಲಿನ ಬಾಗಿಲವರೆಗೆ ನಡೆದುಕೊಂಡು ಬಂದು ನಿಂತುಬಿಟ್ಟಿತು. ಅತ್ತೆ ಸೆರಗು ಸಿಕ್ಕಿಸಿಕೊಂಡು ಬಚ್ಚಲಿಗೆ ಇಳಿದರು. ನಾವಿಬ್ಬರೂ ಗೋಡೆ ಹಿಡಿದುಕೊಂಡು ಕೌದಿ ತುಳಿದೆವು. ಅವರ ಊರಿನಲ್ಲಿ ನವರಾತ್ರಿಗೆ ಮುಂಚೆ ಹಾಸಿಗೆ ಒಗೆಯುವುದು ಅಂದರೆ ಜಾತ್ರೆಯಂತೆ. ಚಕ್ಕಡಿ ತುಂಬಾ ಕೌದಿ, ಕಂಬಳಿ ಹೇರಿಕೊಂಡು ವರದಾ ಹೊಳೆಗೆ ಹೋಗುವುದು. ಸೌಳು ಮಣ್ಣು ಹಚ್ಚಿ ಬಡಿಯುವುದು. ಒಬ್ಬರಿಂದ ಹಿಂಡಲು ಆಗದು, ಆ ತುದಿಗೊಬ್ಬರು ಈ ತುದಿಗೊಬ್ಬರು ಹಿಡಿದು ತಿರುಚುವುದು. ಒಣಗುವ ತನಕ ಹೊಳೆದಂಡೆಯಲ್ಲೇ ರೊಟ್ಟಿ ಬುತ್ತಿ. "ಸೊಸೀ ಜೋಡಿ ಜಗಳ ಇದ್ರೂ ಕೌದಿ ಹಿಂಡಾಕ ಆಕೀನ ಬೇಕಿತ್ತು ನೋಡು" ಅಂದರು. ಅದರಲ್ಲಿ ನನಗೇನಾದರೂ ಸೂಚನೆ ಇತ್ತೋ ಇಲ್ಲವೋ, ಕೇಳಲು ಹೋಗಲಿಲ್ಲ. ಬಚ್ಚಲಿನ ನೀರು ಚಹಾ ಬಣ್ಣಕ್ಕೆ ತಿರುಗಿತ್ತು.

ಮಾರ್ಚ್ 22, ಶನಿವಾರ. ಎಲ್ಲವನ್ನೂ ತಾರಸಿಗೆ ಸಾಗಿಸಿದೆವು. ಹೊಸದಾಗಿ ಬಂದ ಗಾದಿ, ನಮ್ಮ ಫೋಮ್ ಹಾಸಿಗೆ, ಮೂರು ಕೌದಿ. ಬೆಂಗಳೂರಿನಲ್ಲಿ ಈ ತಿಂಗಳ ಗಾಳಿ ಒಣಗಿರುತ್ತದೆ. ನುಸಿ ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿಕೊಂಡು ಬದುಕುವುದು. ಹಾಗಾಗಿ ಒಣಗಿಸುವುದು ಒಳ್ಳೆಯದೇ. ಆದರೆ ಬಿಸಿಲಿಗೆ ಹಾಕಿದರೆ ಎಲ್ಲ ಸತ್ತೇ ಹೋಗುತ್ತದೆ ಅನ್ನುವುದನ್ನು ನಾನು ನಂಬುವುದಿಲ್ಲ. ಮೂರು ಗಂಟೆ ಆದ ಮೇಲೆ ಗಾದಿಯ ಕೆಳಗೆ ಕೈ ಹಾಕಿ ನೋಡಿದೆ. ಮೇಲೆ ಕೈ ಇಡಲಾಗದಷ್ಟು ಬಿಸಿ, ಕೆಳಗೆ ತಣ್ಣಗೆ. ಹುಳಕ್ಕೆ ಬುದ್ಧಿ ಇಲ್ಲವೇ, ಕೆಳಗೆ ಇಳಿಯುತ್ತದೆ. ತಿರುಗಿಸಬೇಕು, ಬಡಿಯಬೇಕು. ಮಗನನ್ನು ಕೆಳಗೇ ಬಿಟ್ಟು, ಮೂಗಿಗೆ ಟವೆಲ್ ಕಟ್ಟಿಕೊಂಡು ಬಡಿದೆ.

ಸಂಜೆ ಐದರ ಹೊತ್ತಿಗೆ ಮೋಡ ಬಂತು. ಮಾರ್ಚ್‌ನಲ್ಲಿ ಎಂಥ ಮಳೆ ಅಂತ ನಾನು ಚಹಾಕ್ಕೆ ಇಟ್ಟೆ. ಚಹಾ ಉಕ್ಕುವಷ್ಟರಲ್ಲಿ ಗಾಳಿ, ಆಮೇಲೆ ದಪ್ಪ ದಪ್ಪ ಹನಿ. ಅವತ್ತಿನ ಮಳೆಗೆ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬರಬೇಕಿದ್ದ ವಿಮಾನಗಳನ್ನೇ ಚೆನ್ನೈಗೆ ತಿರುಗಿಸಿದರು, ನನ್ನ ಹಾಸಿಗೆ ಯಾವ ಲೆಕ್ಕ. ನಾನು, ಗಂಡ, ಪಕ್ಕದ ಮನೆಯ ಕಾಲೇಜು ಹುಡುಗ ಮೂವರೂ ಮೆಟ್ಟಿಲು ಹತ್ತಿದೆವು. ಮೊದಲು ಯಾವುದನ್ನು ಎತ್ತುವುದು ಅಂತ ಯಾರೂ ಮಾತಾಡಿಕೊಳ್ಳಲಿಲ್ಲ. ಮೂವರ ಕೈಯೂ ಗಾದಿಗೇ ಹೋಯಿತು. ಹದಿನೆಂಟು ಸಾವಿರ ಕೊಟ್ಟ ಫೋಮ್ ಹಾಸಿಗೆ ಒಂದು ಮೂಲೆ ನೆನೆಯಿತು, ಕೌದಿಗಳು ಪೂರ್ತಿ. ಗಾದಿಗೆ ನಾಲ್ಕು ಹನಿ ಬಿದ್ದಿರಬಹುದು. ಅತ್ತೆ ಮೆಟ್ಟಿಲ ಕೆಳಗೆ ನಿಂತು "ಕೌದಿ ಬಿಡ್ರಿ, ಇನ್ನೊಮ್ಮಿ ಒಗದಂಗಾತು" ಅಂತ ನಗುತ್ತಿದ್ದರು.

ಸೋಫಾ ವಿಷಯಕ್ಕೆ ಬರುತ್ತೇನೆ. ಹಿಂದಿನ ವರ್ಷ ಜುಲೈನಲ್ಲಿ ಸೋಫಾ ತೊಳೆಯುವವರನ್ನು ಕರೆಸಿದ್ದೆವು. ಅವರು ನೊರೆ ಹಾಕಿ, ಉಜ್ಜಿ, ಮಷಿನ್‌ನಿಂದ ನೀರು ಹೀರಿ ಎರಡು ಗಂಟೆಯಲ್ಲಿ ಹೋದರು. ಮೇಲಿನ ಬಟ್ಟೆ ಫಳಫಳ. ಒಳಗಿನ ಫೋಮ್ ನಾಲ್ಕು ದಿನ ಒಣಗಲಿಲ್ಲ. ಮಳೆಗಾಲ ಬೇರೆ. ಐದನೇ ದಿನ ಮನೆ ತುಂಬಾ ಒದ್ದೆ ನಾಯಿಯ ವಾಸನೆ. ಈ ಸಲ ನಾನೇ ಮಾಡಿದೆ. ನೀರು ಸೋಕಿಸಿದ್ದು ಕಡಿಮೆ. ಮೊದಲು ವ್ಯಾಕ್ಯೂಮ್‌ನ ಚಪ್ಪಟೆ ಮೂತಿಯನ್ನು ಸಂದಿಗಳಿಗೆಲ್ಲ ಇಳಿಸಿದೆ. ಅಡುಗೆ ಸೋಡಾ ಉದುರಿಸಿ ಅರ್ಧ ದಿನ ಬಿಟ್ಟು ಮತ್ತೆ ಎಳೆದೆ. ಹಿಂಡಿದ ಬಟ್ಟೆಯಿಂದ ಒರೆಸಿ ಫ್ಯಾನ್ ತಿರುಗಿಸಿದೆ. ಸಂದಿಯಲ್ಲಿ ಬೀರುವಿನ ಕೀ ಸಿಕ್ಕಿತು. ಅದು ಕಳೆದುಹೋಯಿತು ಅಂತ ಎರಡು ವರ್ಷದ ಹಿಂದೆ 600 ರೂಪಾಯಿ ಕೊಟ್ಟು ಬೀಗ ಒಡೆಸಿದ್ದೆವು. ಕಳೆದದ್ದು ನಾನೇ ಅಂತ ಇಷ್ಟು ದಿನ ಹೇಳಿಸಿಕೊಂಡಿದ್ದೆ. ಆ ಸಂದಿ ಮಾತ್ರ ಗಂಡ ದಿನಾ ಕೂರುವ ಜಾಗದ್ದು.

ಒಂದು ಕೂರುವ ದಿಂಬಿನ ಮೇಲೆ ಹಳದಿ ಸಾರಿನ ಕಲೆ ಇತ್ತು. ಸೋಪು ಹಾಕಿ ಉಜ್ಜಿದೆ. ಕಲೆ ಕೆಂಪಾಯಿತು! ಬಟ್ಟೆ ಹಾಳಾಯಿತು ಅಂತ ಕೈಕಾಲು ಬಿಟ್ಟೆ. ಅತ್ತೆ ಬಂದು ನೋಡಿ "ಕುಂಕುಮ ಹೆಂಗ ಆಗ್ತೈತಿ? ಅರಿಷಿಣಕ್ಕ ಸುಣ್ಣ ಹಾಕಿದ್ರ ಹಿಂಗ ಆಗ್ತೈತಲ್ಲ" ಅಂದರು. ಸೋಪೂ ಸುಣ್ಣದ ಹಾಗೆ ಕ್ಷಾರ. ನೀರಿನಲ್ಲಿ ಸೋಪು ಹೋದ ಮೇಲೆ ಕಲೆ ಮತ್ತೆ ಹಳದಿಯಾಯಿತು. ಆ ಗವಸಿಗೆ ಜಿಪ್ ಇದ್ದದ್ದು ಪುಣ್ಯ. ಬಿಚ್ಚಿ ಎರಡು ದಿನ ಬಿಸಿಲಿಗೆ ಹಾಕಿದೆ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಈಗ ಹುಡುಕಿದರೆ ಮಾತ್ರ ಕಾಣುತ್ತದೆ.

ಯುಗಾದಿ ದಿನ ಮಗ ಬೆಳಗ್ಗೆ ಮೂರೇ ಸಲ ಸೀನಿದ. ನಾನು ಎಣಿಸುತ್ತಿದ್ದೆ. ಪೂರ್ತಿ ನಿಂತಿಲ್ಲ, ಡಾಕ್ಟರ್ ಕೊಟ್ಟ ಮದ್ದೂ ನಡೆಯುತ್ತಿದೆ. ಊಟ ಆದ ಮೇಲೆ ಎಲ್ಲರೂ ನೆಲದ ಮೇಲೆ ಹಾಸಿದ ಗಾದಿಯಲ್ಲೇ ಉರುಳಿಕೊಂಡೆವು. ಸೋಫಾ ಮೇಲೆ ಮಡಿಚಿದ ಬಟ್ಟೆಗಳು ಕೂತಿದ್ದವು.

ಹೊಸ ದಿಂಬಿನ ಬಾಕಿ ದುಡ್ಡು ಕೊಡಲು ಹೋದಾಗ ಅಂಗಡಿಯವರನ್ನು ಕೇಳಿದೆ. "ಅಣ್ಣಾ, ನಮ್ಮ ಸೋಫಾನೂ ಹೀಗೆ ಬಿಚ್ಚಿ ಮಾಡಿಕೊಡ್ತೀರಾ?"

ಅವರು ದಬ್ಬಣಕ್ಕೆ ದಾರ ಪೋಣಿಸುತ್ತಾ ತಲೆ ಎತ್ತದೆ ಹೇಳಿದರು. "ಮಾಡಬಹುದು ಮೇಡಂ. ಆದ್ರೆ ಬಿಚ್ಚುವಾಗ ನೀವು ಇಲ್ಲಿರಬೇಡಿ. ಒಳಗಡೆ ನೋಡಿದವರು ವಾಪಸ್ ತಗೊಂಡು ಹೋಗಲ್ಲ."