ನೊವಾಕ್ ಅಂದ್ರೆ ಯಾವ ಜನ? ಇದೇ ಕೊನೇ ಸಲ ಹೇಳ್ತೀನಿ

ಹತ್ತು ವರ್ಷದ ಮೇಲಾಯ್ತು, ಊರಿಗೆ ಬಂದಾಗೆಲ್ಲ ಇದೇ ಪ್ರಶ್ನೆ. ಲಗ್ನದ ಮನೇಲಿ ಊಟಕ್ಕೆ ಕೂತಾಗ, ಹುಬ್ಬಳ್ಳಿ-ಧಾರವಾಡ ಬಸ್ಸಲ್ಲಿ ಪಕ್ಕದ ಸೀಟಿನವರು, ಈಗಂತೂ ವಾಟ್ಸಾಪಲ್ಲಿ ಯಾರ್ಯಾರೋ. "ನಿಮ್ಮ ಮನಿಯವ್ರ ಅಡ್ಡಹೆಸರು ನೊವಾಕ್ ಅಲ್ರೀ? ಹಂಗಂದ್ರ ಏನು? ಅಲ್ಲಿ ಅವರು ಯಾವ ಜನ?" ಉತ್ತರ ಕೊಡೋಕೆ ಬಾಯಿ ತೆಗೆಯೋದರೊಳಗೆ ಇನ್ನೊಂದು, "ಆ ಟೆನಿಸ್ ಆಡೋ ನೊವಾಕ್ ನಿಮಗ ಏನಾಗಬೇಕು?"

ಟೆನಿಸ್ ಮೊದಲು ಮುಗಿಸ್ತೀನಿ. ಏನೂ ಆಗಬೇಕಿಲ್ಲ. ಅವರು ಸರ್ಬಿಯಾದವರು, ನೊವಾಕ್ ಅನ್ನೋದು ಅವರ ಹೆಸರು, ಅಡ್ಡಹೆಸರು ಜೊಕೊವಿಕ್. ನಾನಿರೋದು ಚೆಕ್ ದೇಶದ ಬ್ರನೋ ಊರಲ್ಲಿ, ಅಲ್ಲಿ ನೊವಾಕ್ ಅನ್ನೋದು ಅಡ್ಡಹೆಸರು. ಎರಡರ ಬೇರು ಒಂದೇ, ಅಷ್ಟು ಬಿಟ್ರೆ ಸಂಬಂಧ ಇಲ್ಲ. ದಯವಿಟ್ಟು ಪಾಸು ಕೇಳಬೇಡಿ.

ಈಗ ಅರ್ಥ. ಚೆಕ್ ಭಾಷೇಲಿ "ನೊವಿ" ಅಂದ್ರೆ ಹೊಸದು. ನಮ್ಮಲ್ಲಿ ನವ, ನವೀನ ಅಂತೀವಲ್ಲ, ಆ ಸಂಸ್ಕೃತದ ನವ ಮತ್ತೆ ಇವರ ನೊವಿ ಬಹಳ ಹಿಂದಕ್ಕೆ ಹೋದ್ರೆ ಒಂದೇ ಬೇರಿನ ಮಾತು. ನೊವಾಕ್ ಅಂದ್ರೆ ಹೊಸಬ. ಊರಿಗೆ ಹೊಸದಾಗಿ ಬಂದು ನೆಲೆಸಿದವನು, ಇಲ್ಲಾ ಬೇರೆಯವರು ಬಿಟ್ಟುಹೋದ ಹೊಲ-ಮನೆ ಹಿಡಿದು ಉಳುಮೆ ಶುರು ಮಾಡಿದವನು. ಅವನು ತಾನೇ ಇಟ್ಕೊಂಡ ಹೆಸರಲ್ಲ ಇದು. "ಯಾರಪ್ಪಾ ಅವನು?" "ಅವನಾ, ಆ ಹೊಸಬ." ಊರಿನವರು ಹೀಗೆ ಕರೆದು ಕರೆದೇ ಅಂಟಿಕೊಂಡಿದ್ದು.

ಯಾಕೆ ಇಷ್ಟೊಂದು ಜನ ಹೊಸಬರಿದ್ರು ಅಂದ್ರೆ, ಅಲ್ಲಿ 1618ರಿಂದ 1648ರ ತನಕ ಮೂವತ್ತು ವರ್ಷ ಯುದ್ಧ ಆಯ್ತು, ಶುರುವಾಗಿದ್ದೇ ಪ್ರಾಗ್ ಊರಲ್ಲಿ. ಸೈನ್ಯ, ಹಸಿವು, ಪ್ಲೇಗು, ಎಲ್ಲ ಸೇರಿ ಹಳ್ಳಿಗಳು ಖಾಲಿ. ಆಮೇಲೆ 1654ರಲ್ಲಿ ಬೊಹೀಮಿಯಾಕ್ಕೆಲ್ಲ, ಅಂದ್ರೆ ಈಗಿನ ಚೆಕ್ ದೇಶದ ಪಶ್ಚಿಮ ಭಾಗಕ್ಕೆಲ್ಲ, ಒಂದು ತೆರಿಗೆ ದಫ್ತರ ಮಾಡಿದ್ರು, ಬೆರ್ನಿ ರೂಲಾ ಅಂತಾರೆ, ಊರೂರಿಗೆ ಹೋಗಿ ಯಾವ ಜಮೀನು ಯಾರ ಹೆಸರಲ್ಲಿದೆ, ಯಾವುದು ಪಾಳು ಬಿದ್ದಿದೆ ಅಂತ ಬರೆದಿಟ್ಟಿದ್ದಾರೆ, ಚೆಕ್ ಜನ ತಮ್ಮ ವಂಶದ ಮೂಲ ಹುಡುಕೋವಾಗ ಇವತ್ತಿಗೂ ಅದನ್ನ ತೆಗೆದು ನೋಡ್ತಾರೆ. ಆ ಪಾಳುಬಿದ್ದ ಜಮೀನಿಗೆಲ್ಲ ಬೇರೆ ಕಡೆಯಿಂದ ಜನ ಬಂದು ಸೇರಿದ್ರು. ನೊವಾಕ್ ಅನ್ನೋ ಹೆಸರು ಯುದ್ಧಕ್ಕಿಂತ ಮೊದಲೂ ಇತ್ತು, ಆದ್ರೆ ಇಂಥ ಕಾಲದಲ್ಲಿ ಅದು ಹುಲ್ಲಿನ ಹಾಗೆ ಹಬ್ಬಿತು.

ಇನ್ನೊಂದು ವಿಷಯ ಇದೆ, ಇದನ್ನ ಕೇಳಿದಾಗ ನನಗೆ ನಮ್ಮ ಕಡೆಯದೇ ಮಾತು ಕೇಳಿದಂಗಾಯ್ತು. ಆಗೆಲ್ಲ ಹೆಸರು ಮನುಷ್ಯನಿಗಿಂತ ಮನೆಗೆ ಅಂಟಿಕೊಂಡಿರ್ತಿತ್ತು. ನೊವಾಕನ ಮನೆಗೆ ಮನೆ ಅಳಿಯ ಆಗಿ ಬಂದವನು, ಅವನ ಹುಟ್ಟು ಹೆಸರು ಏನೇ ಇರಲಿ, ಊರಿನವರ ಬಾಯಲ್ಲಿ ನೊವಾಕನೇ ಆಗ್ತಿದ್ದ. ಆ ಜಮೀನು ಕೊಂಡವನೂ ನೊವಾಕ್. ಹೆಸರು ಸೂರಿನ ಜೊತೆ ಬರ್ತಿತ್ತು. 18ನೇ ಶತಮಾನದ ಕೊನೇ ಭಾಗದಲ್ಲಿ ಆಗ ಅಲ್ಲಿ ಆಳ್ತಿದ್ದ ಎರಡನೇ ಯೋಸೆಫ್ ಚಕ್ರವರ್ತಿ ಕಾಲಕ್ಕೆ, ಸೈನ್ಯಕ್ಕೆ ಸೇರಿಸೋಕೆ ತೆರಿಗೆ ಹಾಕೋಕೆ ಲೆಕ್ಕ ಸರಿಯಾಗಿರಬೇಕು ಅಂತ ಅಪ್ಪನ ಅಡ್ಡಹೆಸರೇ ಮಕ್ಕಳಿಗೆ ಅಂತ ಕಾಯಂ ಆಯ್ತು. ಅಂದ್ರೆ ಇವತ್ತಿನ ನೊವಾಕ್‌ಗಳೆಲ್ಲ ಒಬ್ಬ ಮೂಲಪುರುಷನ ಸಂತಾನ ಅಲ್ಲವೇ ಅಲ್ಲ. ನೂರಾರು ಊರಲ್ಲಿ ನೂರಾರು ಹೊಸಬರು, ಬೇರೆ ಬೇರೆ.

ಈಗ ಎಷ್ಟು ಜನ ಇದ್ದಾರೆ? ಚೆಕ್ ದೇಶದಲ್ಲಿ ಎಲ್ಲಕ್ಕಿಂತ ಜಾಸ್ತಿ ಇರೋ ಅಡ್ಡಹೆಸರು ಇದೇ. ಗಂಡಸರು 30 ಸಾವಿರಕ್ಕೂ ಮೇಲೆ, ಹೆಂಗಸರೂ ಅಷ್ಟೇ, ಒಟ್ಟು 60 ಸಾವಿರ ದಾಟುತ್ತೆ. ದೇಶದ ಜನಸಂಖ್ಯೆ ಒಂದು ಕೋಟಿಗೆ ಸ್ವಲ್ಪ ಜಾಸ್ತಿ, ಹಾಗಾಗಿ 150-170 ಜನಕ್ಕೊಬ್ಬರು ಅಂದ್ಕೊಳ್ಳಿ. ಎರಡನೇದು ಸ್ವೊಬೊಡಾ, ಅಂದ್ರೆ ಸ್ವಾತಂತ್ರ್ಯ. ಮೂರನೇದು ನೊವೊಟ್ನಿ, ಅದೂ ಹೊಸಬನೇ! ಸ್ಲೊವೇನಿಯಾದಲ್ಲೂ ನೊವಾಕ್‌ಗೇ ಮೊದಲನೇ ಸ್ಥಾನ. ಚೆಕ್ ದೇಶದಲ್ಲಿ ಯಾವುದಾದ್ರೂ ಫಾರಂ ತುಂಬೋದು ಹೇಗೆ ಅಂತ ಮಾದರಿ ತೋರಿಸಬೇಕಾದ್ರೆ ಅದರಲ್ಲಿ ಯಾನ್ ನೊವಾಕ್ ಅಂತ ಬರೆದಿರ್ತಾರೆ. ಹಾಗಾಗಿ "ದೊಡ್ಡ ಮನೆತನಾನಾ?" ಅಂತ ಕೇಳೋರಿಗೆ ಹೇಳ್ತೀನಿ, ಸಂಖ್ಯೇಲಿ ದೊಡ್ಡದು.

ಆದ್ರೆ "ಯಾವ ಜನ" ಅನ್ನೋ ಪ್ರಶ್ನೆಗೆ ನನಗೆ ನಿಜವಾಗ್ಲೂ ಸಿಟ್ಟು ಬರುತ್ತೆ, ಮುಚ್ಚಿಡಲ್ಲ. ನನ್ನ ತವರಿನ ಅಡ್ಡಹೆಸರು ಬಡಿಗೇರ. ಆ ನಾಲ್ಕು ಅಕ್ಷರ ಹೇಳಿ ಇನ್ನೂ ಬಾಯಿ ಮುಚ್ಚಿರಲ್ಲ, ಎದುರಿಗಿದ್ದವರ ಮನಸ್ಸಲ್ಲಿ ಒಂದು ಲೆಕ್ಕ ಮುಗಿದಿರುತ್ತೆ, ಎಲ್ಲಿ ಕೂಡಿಸಬೇಕು, ಎಷ್ಟು ಮಾತಾಡಬೇಕು ಅಂತ. ಚೆಕ್ಕಲ್ಲೂ ಬಡಿಗೇರರಿದ್ದಾರೆ. ಗಾಲಿ ಮಾಡೋರಿಗೆ ಕೊಲಾರ್ಜ್, ಕಮ್ಮಾರರಿಗೆ ಕೊವಾರ್ಜ್, ಸಿಂಪಿಗೇರರಿಗೆ ಕ್ರೇಯ್ಚಿ. ನಮ್ಮಲ್ಲಿ ಉಳ್ಳಾಗಡ್ಡಿ ಇದ್ದಂಗೆ ಅಲ್ಲಿ ತ್ಸಿಬುಲ್ಕಾ, ಅದೂ ಉಳ್ಳಾಗಡ್ಡೀನೇ, ಸಣ್ಣದು. ನಿಮ್ಮ ರಸ್ತೇಲಿ ಓಡೋ ಸ್ಕೋಡಾ ಕಾರೂ ಒಂದು ಅಡ್ಡಹೆಸರೇ, 1869ರಲ್ಲಿ ಪ್ಲ್ಜೆನ್ ಊರಿನ ಕಾರ್ಖಾನೆ ಕೊಂಡ ಎಮಿಲ್ ಶ್ಕೋಡಾ ಅವರದು, ಆ ಪದಕ್ಕೆ ನಷ್ಟ ಅಂತ ಅರ್ಥ. ದೇಶದ ಪೂರ್ವ ಭಾಗ ಮೊರಾವಿಯಾ ಕಡೆ ಇಡೀ ಕ್ರಿಯಾಪದಾನೇ ಅಡ್ಡಹೆಸರು, ನವ್ರಾತಿಲ್ ಅಂದ್ರೆ "ವಾಪಸ್ ಬಂದ". ಟೆನಿಸ್ ಆಟಗಾರ್ತಿ ಮಾರ್ಟಿನಾ ನವ್ರಾತಿಲೊವಾ ಗೊತ್ತಲ್ಲ, 1975ರಲ್ಲಿ ದೇಶ ಬಿಟ್ಟು ಅಮೆರಿಕಕ್ಕೆ ಹೋದ ಹುಡುಗಿ, ಅವರ ಹೆಸರಲ್ಲೇ ವಾಪಸ್ ಬಂದ ಅಂತ ಇದೆ. ಆದ್ರೆ ಇಷ್ಟೆಲ್ಲ ಹೆಸರಲ್ಲಿ ಕೊಲಾರ್ಜ್ ಅಂತ ಕೇಳಿದ ಕೂಡ್ಲೇ ಇವನ ಮನೇಲಿ ನೀರು ಕುಡೀಬಹುದಾ ಅಂತ ಯೋಚನೆ ಮಾಡೋರು ಯಾರೂ ಇಲ್ಲ. ಅಲ್ಲಿ ತಾರತಮ್ಯವೇ ಇಲ್ಲ ಅಂತಲ್ಲ, ಅಲ್ಲಿನ ಅಲ್ಪಸಂಖ್ಯಾತ ಸಮುದಾಯವಾದ ರೋಮಾ ಜನರನ್ನ ಕೇಳಿ ನೋಡಿ, ಕೆಲವು ಅಡ್ಡಹೆಸರಿಗೆ ಬಾಡಿಗೆ ಮನೆ ಸಿಗಲ್ಲ. ನೊವಾಕ್‌ಗೆ ಮಾತ್ರ ಅಂಥ ಭಾರ ಇಲ್ಲ, ಅದಕ್ಕೇ ನಾನು ಅದನ್ನ ಹೊತ್ಕೊಂಡಾಗ ಬೆನ್ನು ಹಗುರ ಆದಂಗೆ ಅನ್ನಿಸಿತ್ತು.

ಇಲ್ಲೇ ಬರುತ್ತೆ ಇನ್ನೊಂದು ಗೊಂದಲ. ನನ್ನ ಗಂಡ ನೊವಾಕ್, ನಾನು ನೊವಾಕೊವಾ. ಮಗ ನೊವಾಕ್, ಮಗಳು ನೊವಾಕೊವಾ. ಒಂದೇ ಮನೆ, ಎರಡು ಸ್ಪೆಲಿಂಗು. ಚೆಕ್ಕಲ್ಲಿ ಹೆಂಗಸರ ಅಡ್ಡಹೆಸರಿಗೆ "ಒವಾ" ಸೇರುತ್ತೆ, ನೊವೊಟ್ನಿ ಥರದ್ದಾದ್ರೆ ನೊವೊಟ್ನಾ ಆಗುತ್ತೆ, ಕ್ರೇಯ್ಚಿ ಥರದ್ದು ಮಾತ್ರ ಹಾಗೇ ಉಳಿಯುತ್ತೆ. ಹೊರಗಿನವರನ್ನೂ ಬಿಡಲ್ಲ, ಚೆಕ್ ಪುಸ್ತಕದಲ್ಲಿ ನಮ್ಮ ಇಂದಿರಾ ಗಾಂಧಿ "ಇಂದಿರಾ ಗಾಂಧಿಯೊವಾ"! ಒವಾ ಅನ್ನೋದು ಮೂಲದಲ್ಲಿ "ಅವನ" ಅನ್ನೋ ಅರ್ಥದ್ದೇ, ನೊವಾಕನವಳು ಅಂದಂಗೆ, ಅದಕ್ಕೇ ಅಲ್ಲಿನ ಎಷ್ಟೋ ಹೆಂಗಸರು ಬೇಡ ಅಂತ ವರ್ಷಗಟ್ಟಲೆ ಜಗಳ ಆಡಿದ್ದಾರೆ. 2022ರ ಜನವರಿ 1ರಿಂದ ಯಾವ ಕಾರಣಾನೂ ಕೊಡದೆ ಬಿಡಬಹುದು. ನಾನು ಅದಕ್ಕಿಂತ ಮುಂಚೆ ಮದುವೆ ಆದವಳು, ವಿದೇಶದವಳು ಅಂತ ನನಗೆ ಆಗಲೇ ಬಿಡೋ ಅವಕಾಶ ಇತ್ತು. ಬಿಡಲಿಲ್ಲ. ಯಾಕಂದ್ರೆ ಅವರ ಕಿವಿಗೆ "ನೊವಾಕ್ ಬಂದ್ಲು" ಅನ್ನೋದು ನಮಗೆ "ಬಸಪ್ಪ ಬಂದ್ಲು" ಅಂದಂಗೆ. ನನ್ನ ಬಗ್ಗೆ ಮಾತಾಡೋವಾಗ ಯಾರೂ ತಡವರಿಸಬಾರದು ಅಂತ ನನಗಾಸೆ. ಒಪ್ಪದವರ ಮೇಲೆ ಸಿಟ್ಟಿಲ್ಲ, ಮಗಳು ದೊಡ್ಡವಳಾಗಿ ಬೇಡ ಅಂದ್ರೆ ಅದೂ ಸರೀನೇ.

ಈ ಒವಾದಿಂದ ಆದ ಒಂದು ಪ್ರಸಂಗ ಹೇಳ್ಲೇಬೇಕು. ಊರಲ್ಲಿ ಅವ್ವನ ಖಾತೆಗೆ ನನ್ನ ಹೆಸರೂ ಸೇರಿಸೋಣ ಅಂತ ಒಂದು ಬ್ಯಾಂಕಿಗೆ ಹೋಗಿದ್ವಿ. ಕೌಂಟರಿನ ಹುಡುಗ ಪಾಸ್‌ಪೋರ್ಟು, ಮದುವೆ ಸರ್ಟಿಫಿಕೇಟು ಎರಡನ್ನೂ ಪಕ್ಕಪಕ್ಕ ಇಟ್ಟು, ಪೆನ್ನಿನ ತುದೀಲಿ ಒಂದೊಂದೇ ಅಕ್ಷರ ಕುಟ್ಟಿ ನೋಡಿ, "ಮೇಡಂ, ಗಂಡಂದು ನೊವಾಕ್ ಐತಿ, ನಿಮ್ದು ನೊವಾಕೊವಾ ಐತಿ, ಸ್ಪೆಲಿಂಗ್ ತಪ್ಪೈತ್ರಿ, ಅಫಿಡವಿಟ್ ಮಾಡಿಸ್ಕೊಂಡ ಬರ್ರಿ" ಅಂದ. ತಪ್ಪಿಲ್ಲಪ್ಪಾ, ಅಲ್ಲಿ ವ್ಯಾಕರಣಾನೇ ಹಂಗೆ ಅಂದೆ. "ವ್ಯಾಕರಣ ಸಿಸ್ಟಮ್ಮಿನ್ಯಾಗ ತಗೊಳ್ಳಂಗಿಲ್ರಿ" ಅಂದ. ಅವ್ವ ಪಾಪ ಕುರ್ಚೀಲಿ ಕೂತು, ಬೆವರು ಒರೆಸ್ಕೊಂತ, "ನಿಮ್ಮಪ್ಪ ಇಟ್ಟ ಹೆಸರು ಇಟ್ಕೊಂಡಿದ್ರ ಇಷ್ಟ ರಾಮಾಯಣ ಇರ್ತಿರಲಿಲ್ಲ" ಅಂದಳು.

ಕೋರ್ಟಿನ ಎದುರು ಟೈಪಿಂಗ್ ಅಂಗಡಿ. ವಯಸ್ಸಾದವರೊಬ್ಬರು, ಮೂಗಿನ ತುದೀಲಿ ಕನ್ನಡಕ, ಕಂಪ್ಯೂಟರಲ್ಲಿ ರೆಡಿ ನಮೂನೆ ತೆಗೆದು ಎರಡು ಹೆಸರು ತುಂಬಿ ಐದು ನಿಮಿಷದಲ್ಲಿ ಪ್ರಿಂಟ್ ಕೈಗಿಟ್ರು. ಓದಿದೆ. "ನೊವಾಕ್ ಹಾಗೂ ನೊವಾಕೊವಾ ಎಂಬ ಸದರಿ ಎರಡೂ ಹೆಸರುಗಳು ಒಬ್ಬರೇ ವ್ಯಕ್ತಿಯದ್ದಾಗಿರುತ್ತವೆ ಎಂದು ಪ್ರಮಾಣೀಕರಿಸುತ್ತೇನೆ." ಅಂದ್ರೆ ನಾನೂ ನನ್ನ ಗಂಡನೂ ಒಬ್ಬರೇ! ಸ್ಟಾಂಪ್ ಪೇಪರ್ ಮೇಲೆ! ನಾನು ನಕ್ಕೆ, ಅವ್ವನಿಗೆ ಓದಿ ಹೇಳಿದೆ, ಅವಳೂ ನಕ್ಕಳು. "ಅಜ್ಜಾರ, ನೊವಾಕ್ ಅಂದ್ರ ನನ್ನ ಗಂಡ್ರೀ, ನಾ ಬ್ಯಾರೆ" ಅಂದೆ. ಅವರು ಕನ್ನಡಕ ತೆಗೆದು ಒರೆಸಿ, "ಹೌದೇನ್ರಿ, ತಡೀರಿ ಹಂಗಾರ" ಅಂತ ಮತ್ತೆ ಕೂತ್ರು. ಸರಿ ಮಾಡ್ತಾ ಮಾಡ್ತಾ ಕೇಳಿದ್ರು, "ನೊವಾಕ್ ಅಂದ್ರ ಏನ್ ಅರ್ಥ ಬರ್ತೈತ್ರಿ?"

"ಊರಿಗೆ ಹೊಸದಾಗಿ ಬಂದಾಂವ ಅಂತ್ರಿ."

"ಅಂದ್ರ ನಮ್ಮ ಹೊಸಮನಿಯವ್ರು" ಅಂದ್ರು, ಕೀಬೋರ್ಡಿಂದ ತಲೆ ಎತ್ತದೇ. "ನಮ್ಮೂರಾಗ ಹೊಸಮನಿಯವ್ರ ಮನಿ ಐತಲ್ರೀ, ಇಡೀ ಊರಿಗೆ ಅದ ಎಲ್ಲಾಕ್ಕಿಂತ ಹಳೇ ಮನಿ."

ಯಾವ ಜನ ಅಂತ ಕೇಳಲೇ ಇಲ್ಲ ಅವರು. ಪ್ರಿಂಟ್ ಬರೋ ತನಕ ಇನ್ನೊಂದೇ ಪ್ರಶ್ನೆ ಕೇಳಿದ್ರು, "ಅಲ್ಲಿ ಮಂದಿ ನಿಮ್ಮನ್ನ ಏನಂತ ಕರೀತಾರವಾ?"

ಇಷ್ಟು ವರ್ಷಕ್ಕೆ ಇದನ್ನ ಕೇಳಿದವರು ಅವರೊಬ್ಬರೇ. ಎಲ್ಲರೂ ಗಂಡನ ಹೆಸರಿನ ಅರ್ಥ ಕೇಳ್ತಾರೆ, ಆ ಹೆಸರಲ್ಲಿ ನಾನು ಹೆಂಗಿದ್ದೀನಿ ಅಂತ ಯಾರೂ ಕೇಳಲ್ಲ. ಅವತ್ತು ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೀತೀನಿ. ಮೊದಮೊದಲು ಕಷ್ಟ ಆಯ್ತು. ಒಂದು ಆಸ್ಪತ್ರೇಲಿ ನರ್ಸು ಬಾಗಿಲಲ್ಲಿ ನಿಂತು "ನೊವಾಕೊವಾ" ಅಂತ ಕೂಗಿದ್ರು, ನಾನೂ ಎದ್ದೆ, ಕೋಲು ಹಿಡಿದ ಒಬ್ಬ ಅಜ್ಜೀನೂ ಎದ್ರು. ನರ್ಸು ನನ್ನ ಕಡೆ ನೋಡಿ, ನಿಮ್ಮನ್ನಲ್ಲ, ನೊವಾಕೊವಾ ಅಂದೆ ಅಂದ್ರು, ಚೀಟಿ ನೋಡದೇ. ಚೀಟೀಲಿ ಇದ್ದಿದ್ದು ನನ್ನ ಹುಟ್ಟಿದ ದಿನಾಂಕ. ಅಜ್ಜಿ ವಾಪಸ್ ಕೂರೋವಾಗ ನನ್ನ ತೋಳು ಮುಟ್ಟಿ, ಹೋಗಮ್ಮ, ನಾವು ಎಲ್ಲಾ ಕಡೆ ಇದ್ದೀವಿ ಅಂದ್ರು. "ನಾವು" ಅಂದ್ರು. ಆ ಮಾತು ಈಗಲೂ ನನ್ನ ಹತ್ರ ಇದೆ.

ಹೊಸಬ ಅನ್ನೋ ಹೆಸರು ಆ ದೇಶದ ಅತಿ ಸಾಮಾನ್ಯ ಹೆಸರಾಗೋಕೆ ಶತಮಾನಗಳು ಬೇಕಾದ್ವು. ಈಗ ಪಟ್ಟಿಯ ಮೇಲ್ಭಾಗದಲ್ಲಿ, ಮೊದಲ ಹತ್ತರ ಆಸುಪಾಸಲ್ಲಿ, ನೊವಾಕ್ ಸ್ವೊಬೊಡಾಗಳ ಜೊತೆ ನ್ಗುಯೆನ್ ಅನ್ನೋ ಹೆಸರೂ ಬಂದು ಕೂತಿದೆ. ವಿಯೆಟ್ನಾಂ ಜನರದು. ಕಮ್ಯುನಿಸ್ಟ್ ಸರ್ಕಾರದ ಕಾಲದಲ್ಲಿ ಒಪ್ಪಂದದ ಮೇಲೆ ಫ್ಯಾಕ್ಟರಿ ಕೆಲಸಕ್ಕೆ, ಟ್ರೇನಿಂಗಿಗೆ ಅಂತ ಬಂದವರು, 1989ರ ನಂತರ ಎಷ್ಟೋ ಜನ ಅಲ್ಲೇ ಉಳಿದು ಅಂಗಡಿ ಹಾಕಿದ್ರು. ನಮ್ಮ ಬಿಲ್ಡಿಂಗ್ ಕೆಳಗಿನ ಕಿರಾಣಿ ಅಂಗಡೀನೂ ಅವರದೇ, ರಾತ್ರಿ ಹತ್ತರ ತನಕ ತೆಗೆದಿರುತ್ತೆ, ಕೊತ್ತಂಬರಿ ಹಸಿಮೆಣಸಿನಕಾಯಿ ಸಿಗೋದು ನನಗೆ ಅಲ್ಲೇ. ಅವರ ಮಗಳು ಮಾತಾಡೋದು ಅಪ್ಪಟ ಬ್ರನೋ ಚೆಕ್. ಅವಳನ್ನೂ ಜನ ಕೇಳ್ತಾರಂತೆ, ನಿನ್ನ ಹೆಸರಿನ ಅರ್ಥ ಏನು ಅಂತ.

ಕೊನೇದಾಗಿ, ಬ್ರನೋಗೆ ಬರ್ತೀವಿ ಅನ್ನೋ ನೆಂಟರಿಗೆಲ್ಲ. ಚೆಕ್ ಮನೆ ಬೆಲ್ ಮೇಲೆ ಎಷ್ಟೋ ಕಡೆ ಒಬ್ಬರ ಹೆಸರಿರಲ್ಲ, ನೊವಾಕೊವಿ ಅಂತ ಬಹುವಚನದಲ್ಲಿ ಬರೆದಿರ್ತಾರೆ, ಗಂಡ ಹೆಂಡ್ತಿ ಮಕ್ಕಳು ಎಲ್ಲ ಅದರೊಳಗೆ. ನಮ್ಮ ಬಿಲ್ಡಿಂಗಲ್ಲಿ ಎರಡು ನೊವಾಕೊವಿ ಇದೆ. ಕೆಳಗಿನದು ಒತ್ತಬೇಡಿ, ಅದು ಒಬ್ಬ ಅಜ್ಜಂದು, ಮಧ್ಯಾಹ್ನ ಮಲಗಿರ್ತಾರೆ, ಹೋದ ಸಲ ನಮ್ಮ ಕಾಕಾ ಮೂರು ಸಲ ಒತ್ತಿ ಎಬ್ಬಿಸಿದ್ರು. ನಮ್ಮದು ಮೇಲಿನದು, ನ್ಗುಯೆನ್ ಪಕ್ಕ.