ಹಾಳೆಯ ಮೇಲೆ ಎರಡನೆಯ ಹುಟ್ಟುಹಬ್ಬ

ಮಗಳ ಹುಟ್ಟುಹಬ್ಬ ಜುಲೈ ತಿಂಗಳಲ್ಲಿ ಬರುತ್ತದೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಅಂಗಳ ಆ ಹೊತ್ತಿಗೆ ಪಾಚಿಗೂ ಉಂಬಳಗಳಿಗೂ ಸೇರಿದ್ದಾಗಿರುತ್ತದೆ. ಆದ್ದರಿಂದ ಮೂರು ವರ್ಷದೊಳಗಿನ ಒಂಬತ್ತು ಮಕ್ಕಳನ್ನು ಕರೆಯುವುದೆಂದು ನಿಶ್ಚಯವಾದಾಗಲೇ, ಎಲ್ಲವೂ ಜಗುಲಿ ಮತ್ತು ನಡುಮನೆಯಲ್ಲೇ ನಡೆಯಬೇಕೆಂಬುದೂ ನಿಶ್ಚಯವಾಗಿತ್ತು.

ಹೊತ್ತಿನ ವಿಷಯದಲ್ಲಿ ಮಾತ್ರ ಅತ್ತೆಗೂ ನನಗೂ ಒಮ್ಮತವಾಗಲಿಲ್ಲ. ಬಂದವರು ಊಟ ಮಾಡದೆ ಹೋಗುವುದು ಹೇಗೆ, ಮಧ್ಯಾಹ್ನಕ್ಕೇ ಕರೆಯಬೇಕು ಎಂಬುದು ಅವರ ಮಾತು. ಆದರೆ ಈ ವಯಸ್ಸಿನ ಹೆಚ್ಚಿನ ಮಕ್ಕಳು ಮಧ್ಯಾಹ್ನ ಒಂದೆರಡು ಗಂಟೆ ಮಲಗುವವರು, ಆ ನಿದ್ದೆ ತಪ್ಪಿದರೆ ಹಬ್ಬವೆಲ್ಲ ಅಳುವಿನಲ್ಲೇ ಮುಗಿಯುತ್ತದೆಂಬುದನ್ನು ಹಿಂದಿನ ವರ್ಷ ಕಂಡಿದ್ದ ನಾನು, ನಾಲ್ಕರಿಂದ ಐದೂವರೆಯವರೆಗೆ ಎಂದು ಎಲ್ಲರಿಗೂ ಹೇಳಿಬಿಟ್ಟೆ. ಮುಗಿಯುವ ಹೊತ್ತನ್ನೂ ಹೇಳಿ ಕರೆಯುವುದು ನಮ್ಮ ಕಡೆ ಮರ್ಯಾದೆಯಲ್ಲ. ಅತ್ತೆ ಎರಡು ದಿನ ಹೆಚ್ಚು ಮಾತಾಡಲಿಲ್ಲ.

ತಿಂಡಿಗೆ ಹಾಲುಬಾಯಿ ಮಾಡಿದ್ದೆ. ಅಕ್ಕಿ, ತೆಂಗಿನಕಾಯಿ, ಬೆಲ್ಲದ ಆ ಮೆತ್ತನೆಯ ತುಂಡು ಹಲ್ಲು ಪೂರ್ತಿ ಬಾರದ ಮಗುವಿಗೂ ಸಲೀಸು. ಶೇಂಗಾ, ಪಾಪ್‌ಕಾರ್ನ್ ತರಲಿಲ್ಲ. ಇಡಿಯ ದ್ರಾಕ್ಷಿ ಚಿಕ್ಕ ಮಕ್ಕಳ ಗಂಟಲಿಗೆ ಬಿರಡೆಯ ಹಾಗೆ ಕೂತುಬಿಡಬಲ್ಲದೆಂದು ಒಂದೊಂದನ್ನೂ ಉದ್ದಕ್ಕೆ ನಾಲ್ಕು ಹೋಳು ಮಾಡುತ್ತಿದ್ದಾಗ, "ದ್ರಾಕ್ಷಿನೂ ಕೊಯ್ತಾರೇನೇ?" ಎಂದು ಚಿಕ್ಕಮ್ಮ ನಕ್ಕರು.

ಅಷ್ಟೆಲ್ಲ ಜಾಗ್ರತೆ ವಹಿಸಿದವಳೇ ತೊಲೆಯಿಂದ ತೊಲೆಗೆ ನಲವತ್ತು ಬಲೂನು ಕಟ್ಟಿಸಿದ್ದೆ. ಒಂದು ಕೆಳಗೆ ಬಿದ್ದು ಒಡೆಯಿತು, ಒಂಬತ್ತೂ ಮಕ್ಕಳು ಒಟ್ಟಿಗೆ ಅತ್ತವು. ಅಳು ತಣ್ಣಗಾದ ಮೇಲೆ ನೋಡಿದರೆ ನಾದಿನಿಯ ಮಗ ಏನನ್ನೋ ಜಗಿಯುತ್ತಿದ್ದ. ತುಟಿಯಂಚಿನಲ್ಲಿ ಕೆಂಪು ರಬ್ಬರಿನ ಚೂರು ಕಾಣುತ್ತಿತ್ತು. ಹಿಡಿದು ಎಳೆದುಕೊಂಡೆ. ಆ ತೆಳ್ಳಗಿನ ಚೂರು ಒಳಗೆ ಹೋಗಿ ಶ್ವಾಸನಾಳದ ಬಾಯಿಗೆ ಅಂಟಿದರೆ ಉಸಿರೇ ನಿಲ್ಲುತ್ತದೆ. ನನ್ನ ಕೈ ನಡುಗುತ್ತಿತ್ತು, ಅವನು ಮಾತ್ರ ತನ್ನ ಆಸ್ತಿಯನ್ನು ಕಸಿದುಕೊಂಡೆನೆಂದು ಕಿರುಚಿದ. ಉಳಿದ ಮೂವತ್ತೊಂಬತ್ತನ್ನೂ ಬಿಚ್ಚಿ ಅಟ್ಟ ಸೇರಿಸಿದೆವು.

ಅಷ್ಟರಲ್ಲಿ ಕರೆಂಟು ಹೋಯಿತು, ಹಾಡು ನಿಂತಿತು. ಶಿವಮೊಗ್ಗದಿಂದ ಬಂದಿದ್ದ ತಂಗಿ ಪಾರ್ಸೆಲ್ ದಾಟಿಸುವ ಆಟ ಆಡಿಸಲು ನೋಡಿದಳು. ಕೈಗೆ ಸಿಕ್ಕಿದ್ದನ್ನು ಪಕ್ಕದವರಿಗೆ ಕೊಡುವ ಮಗು ಅಲ್ಲಿ ಒಂದೂ ಇರಲಿಲ್ಲ. ಆಗ ಮಾವ ಸದ್ದಿಲ್ಲದೆ ಕೊಟ್ಟಿಗೆಗೆ ಹೋಗಿ, ಬೇಸಿಗೆಯಲ್ಲಿ ಒಟ್ಟಿಟ್ಟಿದ್ದ ಮೂರು ಅಡಿಕೆ ಹಾಳೆಗಳನ್ನು ತಂದರು. ಅಗಲದ ಭಾಗದಲ್ಲಿ ಮಗುವನ್ನು ಕೂರಿಸಿ ಸೋಗೆಯ ದಂಟು ಹಿಡಿದು ಎಳೆದರೆ, ಸವೆದು ನುಣುಪಾದ ಕಾವಿ ನೆಲದ ಮೇಲೆ ಸರ್ರನೆ ಜಾರುತ್ತಿತ್ತು. ನಡುಮನೆಯಿಂದ ಜಗುಲಿಯ ಬಾಗಿಲವರೆಗೆ, ಮತ್ತೆ ವಾಪಸ್ಸು. ಎಳೆಯುವ ದೊಡ್ಡವರಿಗೆ ಸೊಂಟ ನೋವು ಬಂದರೂ ಕೂತವರು ಇಳಿಯಲೊಲ್ಲರು. ತಿಂಗಳಿಡೀ ನಾನು ಯೋಚಿಸಿದ ಕಾರ್ಯಕ್ರಮದಲ್ಲಿ ಆ ಹಾಳೆ ಇರಲೇ ಇಲ್ಲ.

ಕೇಕಿನ ಮೇಣದಬತ್ತಿಯನ್ನು ಊದಿ ಆರಿಸುವುದು ಬೇಡವೆಂದು ಅಜ್ಜಿ ಆರತಿ ಎತ್ತಿದರು. ಮಗಳು ಆರತಿಯನ್ನೇ ಊದಿದಳು.

ಐದೂವರೆಯಾಯಿತು. ಮಳೆ ಜೋರಾಗಿ, ಹೊರಡುವ ಮಾತನ್ನು ಯಾರೂ ಎತ್ತಲಿಲ್ಲ. ಅತ್ತೆ ನನ್ನತ್ತ ನೋಡದೆ ಒಲೆಯ ಮೇಲಿದ್ದ ಪಾತ್ರೆಯ ಮುಚ್ಚಳ ತೆಗೆದರು. ಒಳಗೆ ಇಪ್ಪತ್ತು ಜನರಿಗಾಗುವಷ್ಟು ಕಡುಬು ಬೆಂದಿತ್ತು.