ಮುಸುಕಿನ ಬಾವಿಯೊಳಗೆ ಬಾಗಿದ ಪಾವಟಿಗೆ

ಹುಬ್ಬಳ್ಳಿಯಿಂದ ಗದಗದವರೆಗಿನ ದಾರಿ, ಗದಗಿನ ಮಿರ್ಚಿ-ಮಂಡಕ್ಕಿ ಇವನ್ನು ಬಿಟ್ಟುಬಿಡೋಣ. ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ಲಕ್ಕುಂಡಿಗೆ ಬಂದವರೂ ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡ, ಅತ್ತಿಮಬ್ಬೆಯ ಬ್ರಹ್ಮ ಜಿನಾಲಯ ನೋಡಿ ಬಸ್ಸು ಹತ್ತುತ್ತಾರೆ. ಮಾಣಿಕೇಶ್ವರ ಗುಡಿಗೆ ಅಂಟಿಕೊಂಡ ಮೆಟ್ಟಿಲುಬಾವಿ, ಮುಸುಕಿನ ಬಾವಿಗೆ ಐದು ನಿಮಿಷ ಕೊಟ್ಟರೆ ಹೆಚ್ಚು. ವೈಡ್ ಆಂಗಲ್ ಲೆನ್ಸನ್ನು ನೀರಿನಲ್ಲಿ ಪರೀಕ್ಷಿಸಬೇಕೆನ್ನುವವರಿಗೆ ಮಾತ್ರ ಇದಕ್ಕಿಂತ ಒಳ್ಳೆಯ ಜಾಗ ಈ ಕಡೆ ಸಿಗದು. ಸಮುದ್ರದ ಹವಳ, ಮೀನುಗಳಲ್ಲಿ ಎಲ್ಲಿಯೂ ನೇರ ಗೆರೆ ಇರುವುದಿಲ್ಲ, ಹಾಗಾಗಿ ಅಲ್ಲಿ ಚಿತ್ರ ಸೊಟ್ಟಗಾದರೂ ಯಾರಿಗೂ ತಿಳಿಯುವುದಿಲ್ಲ. ಇಲ್ಲಿ ಚಾಲುಕ್ಯರ ಕಾಲದ ಕಲ್ಲುಕುಟಿಗರು ಎಳೆದ ಅಂಚುಗಳೇ ಅಳತೆಪಟ್ಟಿ.

ಇದು ಸಂರಕ್ಷಿತ ಸ್ಮಾರಕ. ನೀರಿಗಿಳಿಯುವ ಯೋಚನೆ ಬೇಡ, ಸ್ಟ್ಯಾಂಡ್ ಹೂಡುವ ಮುಂಚೆ ಪುರಾತತ್ವ ಇಲಾಖೆಯ ಅನುಮತಿ ಕೇಳಿಕೊಳ್ಳಬೇಕು. ಕಾಯುವವರನ್ನು ಕೇಳಿ, ನೀರಿನ ಮೇಲಿನ ಕೊನೆಯ ಮೆಟ್ಟಿಲ ಮೇಲೆ ಕೂತು, ನೀರು ಹೊಗದ ಕ್ಯಾಮೆರಾ ಪೆಟ್ಟಿಗೆಯನ್ನು, ಅಂದರೆ ಹೌಸಿಂಗನ್ನು, ಕೈಯಲ್ಲೇ ಹಿಡಿದು ಅರ್ಧ ಮುಳುಗಿಸಿದರೆ ಸಾಕು. ಪಾಚಿ ಜಾರುತ್ತದೆ; ಹೌಸಿಂಗಿನ ದಾರವನ್ನು ಮಣಿಕಟ್ಟಿಗೆ ಬಿಗಿದುಕೊಳ್ಳಿ.

ಮೊದಲು ಹಾಕಿದ್ದು ಸಪಾಟು ಗಾಜಿನ ಪೋರ್ಟ್, ಅಂದರೆ ಹೌಸಿಂಗಿನಲ್ಲಿ ಲೆನ್ಸಿನ ಮುಂದಿನ ಕಿಟಕಿ. ಫುಲ್‌ಫ್ರೇಮ್ ಕ್ಯಾಮೆರಾ, 16–35 ಮಿ.ಮೀ. ಝೂಮ್ ಲೆನ್ಸ್, 18 ಮಿ.ಮೀ.ಗೆ ನಿಲ್ಲಿಸಿದ್ದು. ಸ್ಕ್ರೀನಿನಲ್ಲಿ ಚಿತ್ರದ ಅಂಚಿನ ಕಡೆಯ ನೀರೊಳಗಿನ ಮೆಟ್ಟಿಲುಗಳು ನಡುವೆ ಒಳಕ್ಕೆ ಜಗ್ಗಿ, ತುದಿಗಳಲ್ಲಿ ಮೂಲೆಯ ಕಡೆಗೆ ಎಳೆದುಕೊಂಡಿದ್ದವು. ಕಲ್ಲಿನ ಅಂಚಿಗೆ ಒಂದು ಕಡೆ ಕೆಂಪು, ಇನ್ನೊಂದು ಕಡೆ ನೀಲಿ ಗೆರೆ. ಹಿಂದೆ ನಿಂತು ನೋಡುತ್ತಿದ್ದ ಊರಿನ ಹಿರಿಯರೊಬ್ಬರಿಗೆ ಇದು ಸರಿಬರಲಿಲ್ಲ.

“ನಮ್ಮ ಬಾವಿ ಪಾವಟಿಗಿ ಹಿಂಗ ಬಾಗಿಲ್ರಿ.”

“ನೀರು ಹಂಗ ತೋರಸ್ತೈತ್ರಿ, ಅಜ್ಜಾರ.”

“ನೀರಾಗ ಕೋಲು ಇಟ್ರ ಮುರದಂಗ ಕಾಣ್ತೈತಿ, ಅದು ನಮಗೂ ಗೊತ್ತೈತಿ. ಆದ್ರ ನಡಕ ನೆಟ್ಟಗ ಐತಿ, ಅಂಚಿಗಷ್ಟ ಯಾಕ ಸೊಟ್ಟ?”

ಕೇಳಬೇಕಾದ ಪ್ರಶ್ನೆಯೇ ಇದು. ನೀರಿನ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಅದು ಎಷ್ಟು ತಿರುಗಿಸುತ್ತದೆ ಎಂಬುದರ ಅಳತೆ, 1.33. ಸಪಾಟು ಗಾಜಿಗೆ ನೆಟ್ಟಗೆ ಬಂದ ಬೆಳಕು ತಿರುಗುವುದಿಲ್ಲ. ಓರೆ ಹೆಚ್ಚಿದಷ್ಟೂ ತಿರುವು ಹೆಚ್ಚು. ಚಿತ್ರದ ನಡುವಿನಲ್ಲಿ ವಸ್ತು 1.33 ಪಟ್ಟು ದೊಡ್ಡದಾಗಿ ಕಂಡರೆ, 18 ಮಿ.ಮೀ. ಲೆನ್ಸಿನ ಪಕ್ಕದ ಅಂಚಿನಲ್ಲಿ, ಅಂದರೆ 45 ಡಿಗ್ರಿ ಓರೆಯಲ್ಲಿ, ಆ ಲೆಕ್ಕ ಸುಮಾರು 1.59ಕ್ಕೆ ಏರುತ್ತದೆ. ನಡುವಿಗಿಂತ ಅಂಚು ಶೇ. 20ರಷ್ಟು ಹೆಚ್ಚು ಹಿಗ್ಗಿದ ಹಾಗೆ. ಗಾಳಿಯಲ್ಲಿ 90 ಡಿಗ್ರಿ ಅಗಲ ನೋಡುವ ಅದೇ ಲೆನ್ಸ್ ಇಲ್ಲಿ ನೋಡುವುದು 64 ಡಿಗ್ರಿ ಮಾತ್ರ. ಎಷ್ಟೇ ದುಬಾರಿ ಲೆನ್ಸ್ ತಂದರೂ ಸಪಾಟು ಗಾಜಿನ ಹಿಂದೆ 97 ಡಿಗ್ರಿ ದಾಟಲಾಗದು. ಬಣ್ಣಬಣ್ಣಕ್ಕೂ ತಿರುವು ಬೇರೆಯಾದ್ದರಿಂದ ಆ ಕೆಂಪು-ನೀಲಿ ಗೆರೆ.

ಇಷ್ಟನ್ನು ಮಾತಿನಲ್ಲಿ ಹೇಳಿದಾಗ ಅಜ್ಜ ತಲೆಯಾಡಿಸಿದರು. “ಹಂಗಾರ ತಪ್ಪು ನೀರಿಂದಲ್ಲ, ಗಾಜಿಂದು.” ಗಾಜಿನದೂ ಅಲ್ಲ, ಅದು ಸಪಾಟಾಗಿರುವುದರದು. ಅವರು ಒಪ್ಪಿದಂತೆ ಕಾಣಲಿಲ್ಲ. ನಿಂತು ನೋಡುವುದನ್ನಂತೂ ಬಿಡಲಿಲ್ಲ.

ಪರಿಹಾರ ಡೋಮ್ ಪೋರ್ಟ್, ಅಂದರೆ ಅರ್ಧಗೋಳದ ಗಾಜು. ಅರ್ಧಗೋಳದ ಕೇಂದ್ರದಲ್ಲಿ ಲೆನ್ಸಿನ ಎಂಟ್ರೆನ್ಸ್ ಪ್ಯುಪಿಲ್ ಕೂತರೆ ಪ್ಯುಪಿಲ್ಲಿನ ನಡುವಿಗೆ ಹೊರಟ ಕಿರಣವೆಲ್ಲ ಗೋಳಕ್ಕೆ ಲಂಬವಾಗಿಯೇ ಒಳಬರುತ್ತದೆ, ತಿರುವಿನ ಪ್ರಶ್ನೆಯೇ ಇಲ್ಲ. ಲೆನ್ಸನ್ನು ಮುಂದಿನಿಂದ ಇಣುಕಿದಾಗ ಬೆಳಕು ಹಾಯುವ ಅಪರ್ಚರ್ ತೂತು ಎಲ್ಲಿ ಕೂತಂತೆ ಕಾಣುತ್ತದೋ ಅದೇ ಆ ಜಾಗ. ಪನೋರಮಾ ತೆಗೆಯುವವರ ಉಪಾಯದಿಂದ ಅದನ್ನು ಹುಡುಕಬಹುದು: ಹತ್ತಿರ ಒಂದು, ದೂರ ಒಂದು ಕಡ್ಡಿ ನಿಲ್ಲಿಸಿ, ಕ್ಯಾಮೆರಾ ತಿರುಗಿಸಿದರೂ ಎರಡೂ ಒಂದರ ಹಿಂದೊಂದು ಅಡಗಿಯೇ ಇರುವಂತೆ ತಿರುಗುವ ಬಿಂದುವನ್ನು ಹಿಂದೆ ಮುಂದೆ ಸರಿಸಬೇಕು. ಝೂಮ್ ತಿರುಗಿಸಿದರೆ ಈ ಜಾಗವೂ ಸರಿಯುತ್ತದೆ.

ಆ ದಿನದ ಡೋಮ್ ಬಾಡಿಗೆಯದು, ಎಂಟು ಇಂಚಿನದು. ಕೊಟ್ಟವರು, ಡೋಮನ್ನು ಹೌಸಿಂಗಿನಿಂದ ಮುಂದಕ್ಕೆ ಕೂರಿಸುವ ಎಕ್ಸ್‌ಟೆನ್ಶನ್ ರಿಂಗ್ ಹಾಕಿಯೇ ಇರಲಿಲ್ಲ! ಪೆಟ್ಟಿಗೆಯಲ್ಲಿ ಅದರ ಖಾನೆ ಖಾಲಿ. ರಿಂಗ್ ಇಲ್ಲದಿದ್ದರೆ ಪ್ಯುಪಿಲ್ ಕೇಂದ್ರಕ್ಕಿಂತ ಮುಂದೆ, ಗಾಜಿನ ಹತ್ತಿರ ಬಂದುಬಿಡುತ್ತದೆ. ಸಪಾಟು ಗಾಜಿನ ಸೊಟ್ಟವೇ ಕಡಿಮೆ ಪ್ರಮಾಣದಲ್ಲಿ ಮರಳುತ್ತದೆ. ರಿಂಗ್ ಉದ್ದವಾದರೆ ತಿರುಗುಮುರುಗು, ಗೆರೆಗಳು ಪೀಪಾಯಿಯ ಹಾಗೆ ಹೊರಕ್ಕೆ ಉಬ್ಬುತ್ತವೆ. ಬಾಡಿಗೆಗೆ ತರುವವರು ಡೋಮಿನ ಗಾತ್ರ ಕೇಳಿ ಸುಮ್ಮನಾಗದೆ, “ಈ ಲೆನ್ಸಿಗೆ ಎಷ್ಟು ಮಿ.ಮೀ. ರಿಂಗ್?” ಎಂದು ಕೇಳಿ ಬರೆಸಿಕೊಳ್ಳಿ. ಅಂಗಡಿಯಲ್ಲೇ ಜೋಡಿಸಿ ನೋಡಿ.

ರಿಂಗ್ ಇಲ್ಲದೆಯೂ ಕೆಲಸ ನಡೆಸುವ ದಾರಿ ಒಂದಿದೆ. ಚಿತ್ರದ ಕೇಂದ್ರದ ಮೂಲಕ ಹಾಯುವ ಗೆರೆ ಎಂದೂ ಬಾಗುವುದಿಲ್ಲ. ಮುಖ್ಯವಾದ ಮೆಟ್ಟಿಲಿನ ಅಂಚನ್ನು ನಡುವಿಗೆ ತಂದು, ಗೋಡೆಯ ಪುಟ್ಟ ಗುಡಿಗೂಡುಗಳನ್ನು ಅಂಚಿನಿಂದ ದೂರವಿಟ್ಟು ತೆಗೆದ ಚಿತ್ರಗಳೇ ಆ ದಿನ ಉಳಿದವು.

ಫೋಕಸ್ಸಿನ ಮಾತು ಬೇರೆ. ಡೋಮ್ ತಾನೇ ಒಂದು ಲೆನ್ಸಿನ ಕೆಲಸ ಮಾಡಿ, ನೀರೊಳಗಿನ ಅತಿ ದೂರದ ವಸ್ತುವನ್ನೂ ಗಾಜಿನಿಂದ ತನ್ನ ತ್ರಿಜ್ಯದ ಮೂರು ಪಟ್ಟು ದೂರಕ್ಕೆ ತಂದು ನಿಲ್ಲಿಸುತ್ತದೆ. ಎಂಟು ಇಂಚಿನ ಅರ್ಧಗೋಳಕ್ಕೆ ಅದು ಸುಮಾರು 30 ಸೆಂ.ಮೀ. ಅಷ್ಟು ಹತ್ತಿರ ಫೋಕಸ್ ಆಗದ ಲೆನ್ಸಿಗೆ ಹತ್ತಿರದ್ದನ್ನು ಫೋಕಸ್ ಮಾಡಿಸುವ +2 ಅಥವಾ +4 ಕ್ಲೋಸಪ್ ಫಿಲ್ಟರ್ ಬೇಕು. ಆ ಬಿಂಬವೂ ಬಾಗಿದ್ದು, ಮೂಲೆಗಳು ಮಂಜಾಗುತ್ತವೆ, ಅಪರ್ಚರ್ ತೂತನ್ನು ಎಫ್/11ಕ್ಕೆ ಕಿರಿದು ಮಾಡಿ. ಮೇಲೆ ಗುಡಿ, ಕೆಳಗೆ ನೀರು ಎರಡೂ ಬೇಕಾದರೆ ಎಫ್/16.

ಕಂಪ್ಯೂಟರಿನಲ್ಲಿ ಸರಿಪಡಿಸಿಕೊಳ್ಳುತ್ತೇವೆ ಎನ್ನುವವರಿಗೆ ಒಂದು ಎಚ್ಚರಿಕೆ. ಸಾಫ್ಟ್‌ವೇರಿನ ಸಿದ್ಧ ಲೆನ್ಸ್ ಪ್ರೊಫೈಲ್, ಅಂದರೆ ಲೆನ್ಸಿನ ಸೊಟ್ಟ ತಿದ್ದುವ ಲೆಕ್ಕ, ಗಾಳಿಗೆ ಮಾಡಿದ್ದು. ಅದು ಲೆನ್ಸಿನ ಸಹಜ ಪೀಪಾಯಿ ಉಬ್ಬನ್ನು ತೆಗೆದುಹಾಕಿದರೆ ಸಪಾಟು ಗಾಜಿನ ಸೊಟ್ಟ ಇನ್ನಷ್ಟು ಎದ್ದು ಕಾಣುತ್ತದೆ. ಎ3 ಹಾಳೆಯಲ್ಲಿ ಚದುರಂಗದ ಮನೆಗಳನ್ನು ಮುದ್ರಿಸಿ, ಲ್ಯಾಮಿನೇಟ್ ಮಾಡಿಸಿ, ಬಾಗದ ಹಲಗೆಗೆ ಅಂಟಿಸಿ, ಮನೆಯ ಸಿಮೆಂಟ್ ತೊಟ್ಟಿಯಲ್ಲಿ ಮುಳುಗಿಸಿ ಬೇರೆ ಬೇರೆ ಕೋನದಿಂದ 15–20 ಚಿತ್ರ ತೆಗೆದು ಸ್ವಂತ ಪ್ರೊಫೈಲ್ ಮಾಡಿಕೊಳ್ಳಬೇಕು. ಅದೂ ಆ ಪೋರ್ಟ್, ಆ ರಿಂಗ್, ಆ ಫೋಕಲ್ ಲೆಂಗ್ತಿಗೆ (ಝೂಮ್ ನಿಲ್ಲಿಸಿದ ಮಿ.ಮೀ.) ಮಾತ್ರ. ಒಂದು ಬದಲಾದರೂ ಹಲಗೆ ಮತ್ತೆ ತೊಟ್ಟಿಗೆ ಇಳಿಯಬೇಕು.